ಅಷ್ಟು ದೂರದಲ್ಲಿ ಒಬ್ಬಳೇ ಹಬ್ಬ ಹೇಗೆ ಕಳೆದೆ?

ಸ್ವೀಡನ್ನಿನಿಂದ ಮರಳಿ ಇಷ್ಟು ದಿನವಾದರೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕೊಪ್ಪದ ಬಸ್ ನಿಲ್ದಾಣದಲ್ಲಿ ಸಿಕ್ಕ ಹಳೆಯ ಮೇಷ್ಟ್ರು ಕೇಳುತ್ತಾರೆ. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು ಕೇಳುತ್ತಾರೆ. ಡಿಸೆಂಬರಿನಲ್ಲಿ ಕಣದ ತುಂಬ ಕಾಫಿ ಹಣ್ಣು ಹರವುತ್ತಾ ದೊಡ್ಡಮ್ಮ ಕೇಳುತ್ತಾರೆ: "ಅಲ್ಲ ಮಾರಾಯ್ತಿ, ಊರಿಗೆ ಊರೇ ಹಬ್ಬ ಮಾಡುವಾಗ ನೀನೊಬ್ಬಳೇ ಆ ಚಳಿಯಲ್ಲಿ ಹೇಗೆ ಇದ್ದೆ? ರಜೆ ಇತ್ತಲ್ಲ, ಮನೆಗೆ ಏಕೆ ಬರಲಿಲ್ಲ?"

ರಜೆಯ ಮಾತನ್ನು ಮೊದಲು ಮುಗಿಸುತ್ತೇನೆ. ಎಂ.ಎಸ್ಸಿ. ಓದುತ್ತಿದ್ದಾಗ ವಿದ್ಯಾರ್ಥಿ ವಿನಿಮಯದಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ, 2023ರ ಆಗಸ್ಟ್ ಕೊನೆಯಿಂದ 2024ರ ಜನವರಿ ಮಧ್ಯದವರೆಗೆ. ಅಲ್ಲಿ ಆ ಸೆಮಿಸ್ಟರ್ ಕ್ರಿಸ್ಮಸ್ಸಿಗೆ ಮುಗಿಯುವುದಿಲ್ಲ. ನಡುವೆ ಎರಡು ವಾರ ತರಗತಿ ಇರುವುದಿಲ್ಲ, ಹೊಸ ವರ್ಷ ಕಳೆದ ಮೇಲೆ ಪರೀಕ್ಷೆ. ಆ ಎರಡು ವಾರಕ್ಕೆಂದು ವಿಮಾನದ ಟಿಕೆಟ್ ಕೊಳ್ಳುವಷ್ಟು ಹಣ ನಮ್ಮ ಮನೆಯಲ್ಲಿ ಇರಲಿಲ್ಲ. ಇಷ್ಟೇ ವಿಷಯ.

ಒಂಟಿತನದ ಮಾತಿಗೆ ಉತ್ತರ ಬೇರೆ. ನನಗೆ ಒಂಟಿತನ ಕಾಡಿದ್ದು ಅವರ ಹಬ್ಬದಲ್ಲಲ್ಲ, ನಮ್ಮ ದೀಪಾವಳಿಯಲ್ಲಿ.

ನವೆಂಬರ್ ಮೊದಲ ಶನಿವಾರವೇ ಅದರ ಸುಳಿವು ಸಿಕ್ಕಿತ್ತು. ಅಂದು ಅಲ್ಲಿ ಸತ್ತವರನ್ನು ನೆನೆಯುವ ದಿನ. ವಿಶ್ವವಿದ್ಯಾಲಯದ ಗ್ರಂಥಾಲಯದ ಹತ್ತಿರ ಒಂದು ಹಳೆಯ ಸ್ಮಶಾನವಿದೆ, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ದಾಗ್ ಹ್ಯಾಮರ್‌ಶೋಲ್ಡ್ ಅವರ ಸಮಾಧಿಯೂ ಅಲ್ಲಿಯೇ ಇದೆ. ಸಂಜೆ ಆ ದಾರಿಯಲ್ಲಿ ಬರುವಾಗ ಮರಗಳ ಕೆಳಗೆಲ್ಲ ಗಾಜಿನೊಳಗಿನ ಮೇಣದ ದೀಪಗಳು ಉರಿಯುತ್ತಿದ್ದವು. ಒಬ್ಬ ಮುದುಕರು ಮೊಣಕಾಲೂರಿ ಒಂದು ಕಲ್ಲಿನ ಮೇಲಿನ ಎಲೆಗಳನ್ನು ಕೈಯಿಂದ ಸವರಿ ತೆಗೆಯುತ್ತಿದ್ದರು. ಮಹಾಲಯ ಅಮಾವಾಸ್ಯೆಗೆ ನಮ್ಮ ಅಜ್ಜ ಹಿರಿಯರಿಗೆ ಎಡೆ ಇಡುವ ಜಾಗವನ್ನು ಸವರುವುದು ಹೀಗೆಯೇ. ನೋಡಿ ಮನಸ್ಸು ತುಂಬಿತು. ಆದರೆ ನಾನು ಬೇಲಿಯ ಆಚೆ ನಿಂತಿದ್ದೆ, ನನ್ನ ಕೈಯಲ್ಲಿ ದೀಪವಿರಲಿಲ್ಲ.

ಹತ್ತು ದಿನದ ನಂತರ ಬಲಿಪಾಡ್ಯಮಿ. ಮಲೆನಾಡಿನವರಿಗೆ ಆ ರಾತ್ರಿ ಏನೆಂದು ಗೊತ್ತು. ಬೇರೆಯವರಿಗಾಗಿ ಹೇಳುತ್ತೇನೆ. ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆ ಮನೆಗೆ ಹಾಡುತ್ತಾ ಬರುತ್ತಾರೆ. ಬಾಗಿಲು ತೆಗೆಯಿರೆಂದು ಹಾಡಿನಲ್ಲೇ ಕೇಳುತ್ತಾರೆ. ಮನೆಯವರು ಎದ್ದು ಬಂದು ಆ ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಯಿ, ದುಡ್ಡು ಕೊಟ್ಟು ಕಳುಹಿಸುತ್ತಾರೆ. ಒಂದು ಮನೆಯಲ್ಲಿ ಎರೆದ ಎಣ್ಣೆಯಿಂದ ಮುಂದಿನ ಮನೆಯವರೆಗೆ ದೀಪ ಉರಿಯುತ್ತದೆ. ಅದು ಆರಬಾರದು. ನಮ್ಮ ಮನೆಗೆ ಅವರು ಬರುವುದು ರಾತ್ರಿ ಒಂದರ ಸುಮಾರಿಗೆ, ಮತ್ತು ನನಗೆ ತಿಳಿವಳಿಕೆ ಬಂದಾಗಿನಿಂದ ಎಣ್ಣೆಯ ಗಿಂಡಿ ಹಿಡಿಯುವುದು ನನ್ನ ಕೆಲಸ.

ಉಪ್ಸಾಲಾದಲ್ಲಿ ಆಗ ರಾತ್ರಿ ಎಂಟೂವರೆ. ಅಪ್ಪ ವಿಡಿಯೊ ಕರೆ ಮಾಡಿ ಮೊಬೈಲನ್ನು ಜಗುಲಿಯ ಕಂಬಕ್ಕೆ ಒರಗಿಸಿ ಇಟ್ಟಿದ್ದರು. ನೆಟ್‌ವರ್ಕ್ ಸರಿಯಿರಲಿಲ್ಲ, ಹಾಡು ತುಂಡು ತುಂಡಾಗಿ ಕೇಳುತ್ತಿತ್ತು. ಅಮ್ಮ ಎಣ್ಣೆ ಎರೆದದ್ದು ಕಾಣಿಸಿತು. ಗುಂಪಿನಲ್ಲಿದ್ದ ಹಿರಿಯರೊಬ್ಬರು "ಗಿಂಡಿ ಹಿಡಿಯುವ ಹುಡುಗಿ ಎಲ್ಲಿ?" ಎಂದು ಕೇಳಿದ್ದೂ ಕೇಳಿಸಿತು. ನನ್ನ ಕಿಟಕಿಯಲ್ಲಿ ಐಕಿಯಾದಿಂದ ತಂದ ನಾಲ್ಕು ಪುಟ್ಟ ಮೇಣದ ದೀಪಗಳು ಉರಿಯುತ್ತಿದ್ದವು. ಕರೆ ಕಡಿದ ಮೇಲೆ ಬಹಳ ಹೊತ್ತು ಅತ್ತೆ. ಮನೆ ನೆನಪಾಯಿತೇ ಎಂದು ಕೇಳುವವರಿಗೆ ನಾನು ಹೇಳುವ ರಾತ್ರಿ ಅದೇ.

ಡಿಸೆಂಬರಿನ ಕಥೆಯೇ ಬೇರೆ. ಅಲ್ಲಿ ಆಗ ಹೊತ್ತು ಹುಟ್ಟುವುದು ಎಂಟು ಮುಕ್ಕಾಲರ ಸುಮಾರಿಗೆ, ಮಧ್ಯಾಹ್ನ ಮೂರಕ್ಕೆ ಮೊದಲೇ ಮುಳುಗುತ್ತದೆ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದು ಬಂತೆಂದರೆ ಮನೆ ಮನೆಯ ಕಿಟಕಿಗೂ ಏಳು ದೀಪದ ಕವಲುಗಂಬ ಬರುತ್ತದೆ, ಪಕ್ಕದಲ್ಲಿ ಒಳಗೆ ಬಲ್ಬು ಇರುವ ಕಾಗದದ ನಕ್ಷತ್ರ ತೂಗುತ್ತದೆ. ಪರದೆ ಎಳೆಯುವವರು ಕಡಿಮೆ. ಬೀದಿಯಲ್ಲಿ ನಡೆಯುವ ಅಪರಿಚಿತರಿಗೂ ಬೆಳಕು ಸಿಗಲೆಂದು ಇಟ್ಟಂತೆ ನನಗೆ ಕಾಣುತ್ತಿತ್ತು. ನಮ್ಮ ಆಕಾಶಬುಟ್ಟಿಗೂ ಆ ನಕ್ಷತ್ರಕ್ಕೂ ಎಷ್ಟು ಹತ್ತಿರದ ನಂಟು!

ನಾನಿದ್ದ ವಿದ್ಯಾರ್ಥಿ ವಸತಿಯಲ್ಲಿ ಹನ್ನೆರಡು ಕೋಣೆಗಳಿಗೆ ಒಂದೇ ಅಡುಗೆಮನೆ. ಡಿಸೆಂಬರ್ 12ರ ಸಂಜೆ ನೀರು ಕುಡಿಯಲು ಹೋದೆ. ಎದುರು ಕೋಣೆಯ ಸ್ವೀಡಿಷ್ ಗೆಳತಿ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಮರುದಿನ ಬೆಳಗಿನ ಲೂಸಿಯಾ ಹಬ್ಬಕ್ಕೆ ಕೇಸರಿ ಬನ್ನು ಆಗಬೇಕಿತ್ತು, ಬರುತ್ತೇನೆಂದವರು ಬಂದಿರಲಿಲ್ಲ. ನನ್ನ ಕಡೆ ನೋಡಿ, "ಕೈ ತೊಳೆದುಕೊಂಡು ಬಾ" ಎಂದಳು. ಹಬ್ಬದ ದಿನ ನಮ್ಮ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಹೇಳುವ ಮಾತೇ ಇದು.

ಕೇಸರಿ ಅಲ್ಲಿ ಅರ್ಧ ಗ್ರಾಂ ತೂಕದ ಪುಟ್ಟ ಕಾಗದದ ಪೊಟ್ಟಣದಲ್ಲಿ ಬರುತ್ತದೆ. ಅದನ್ನು ಚಿಟಿಕೆ ಸಕ್ಕರೆಯೊಡನೆ ಕುಟ್ಟಿ, ಬೆಚ್ಚಗಿನ ಹಾಲಿಗೆ ಹಾಕಿದಾಗ ಮೊದಲು ಕೆಂಪು ಎಳೆಗಳು ಮೇಲೆ ತೇಲುತ್ತವೆ, ಆಮೇಲೆ ಅಂಚಿನಿಂದ ಶುರುವಾಗಿ ಹಾಲೆಲ್ಲ ಹಳದಿಯಾಗುತ್ತದೆ. ಉಬ್ಬಿದ ಹಿಟ್ಟಿನಿಂದ ಒಂದೊಂದು ಉಂಡೆ ತೆಗೆದು ಹಲಗೆಯ ಮೇಲೆ ಹೊಸೆದು ಹುರಿ ಮಾಡಬೇಕು. ಎರಡು ತುದಿಗಳನ್ನೂ ಎದುರು ಬದುರು ದಿಕ್ಕಿಗೆ ಸುರುಳಿ ಸುತ್ತಬೇಕು, ಸುರುಳಿಯ ನಡುವೆ ಒಂದೊಂದು ಒಣದ್ರಾಕ್ಷಿ ಒತ್ತಬೇಕು. ಗೆಳತಿ ತೋರಿಸಿದ್ದು ಒಂದೇ ಸಲ. ಕೋಡುಬಳೆ ಹೊಸೆದು ಬೆಳೆದ ಕೈಗೆ ಅದು ಹೊಸದಾಗಿರಲಿಲ್ಲ. ಅವಳು ಒಂದು ಮುಗಿಸುವಷ್ಟರಲ್ಲಿ ನನ್ನದು ಮೂರಾಗುತ್ತಿತ್ತು. "ಇದನ್ನು ಎಲ್ಲಿ ಕಲಿತೆ?" ಎಂದಳು. ಅಜ್ಜಿಯ ಅಡುಗೆಮನೆಯಿಂದ ಶುರು ಮಾಡಿ, ತೋಟದ ಏಲಕ್ಕಿ, ಅಂಟಿಗೆ-ಪಂಟಿಗೆ, ಗಿಂಡಿ, ಎಲ್ಲವನ್ನೂ ಹೇಳಿದೆ. ಆ ಊರಿಗೆ ಬಂದ ಮೇಲೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಏಲಕ್ಕಿಯ ಮಾತು ಬಂದಾಗ ಅವಳು ಡಬ್ಬಿ ತೆಗೆದು ನನ್ನ ಮೂಗಿಗೆ ಹಿಡಿದಳು. ಸ್ವೀಡನ್ನಿನವರು ಬನ್ನಿಗೂ ಬಿಸ್ಕತ್ತಿಗೂ ಏಲಕ್ಕಿ ಹಾಕುವಷ್ಟು ಧಾರಾಳವಾಗಿ ನಾವು ಪಾಯಸಕ್ಕೂ ಹಾಕುವುದಿಲ್ಲ.

ಮರುದಿನ ಬೆಳಗ್ಗೆ ಆರೂವರೆಗೆ, ಕಗ್ಗತ್ತಲೆಯಲ್ಲಿ, ನನಗೊಂದು ಬಿಳಿ ನಿಲುವಂಗಿ ತೊಡಿಸಿದರು. ಮುಂದೆ ಲೂಸಿಯಾ ಆದ ಹುಡುಗಿ, ತಲೆಯ ಮೇಲೆ ಮೇಣದ ಬತ್ತಿಗಳ ಕಿರೀಟ, ಸೊಂಟಕ್ಕೆ ಕೆಂಪು ಪಟ್ಟಿ. ಅವಳ ಹಿಂದೆ ಕೈಯಲ್ಲಿ ದೀಪ ಹಿಡಿದ ನಾವು, ಕೊನೆಯಲ್ಲಿ ನಕ್ಷತ್ರ ಅಂಟಿಸಿದ ಚೂಪು ಟೋಪಿಯ ಹುಡುಗರು. ಮಹಡಿಯಿಂದ ಮಹಡಿಗೆ, ಬಾಗಿಲಿಂದ ಬಾಗಿಲಿಗೆ ಹಾಡುತ್ತಾ ಹೋದೆವು. ಹಾಡಿನ ಮಾತು ನನಗೆ ಅರ್ಧವೂ ಬರುತ್ತಿರಲಿಲ್ಲ, ದನಿ ಸೇರಿಸಿದೆ. ಬಾಗಿಲುಗಳು ತೆರೆದವು, ನಿದ್ದೆಗಣ್ಣಿನ ಮುಖಗಳು ಬೆಳಕಿಗೆ ಬಂದವು, ನನ್ನ ತಟ್ಟೆಯಿಂದ ಬನ್ನು ಎತ್ತಿಕೊಂಡರು. ಕತ್ತಲಲ್ಲಿ ದೀಪ ಹಿಡಿದು ಹಾಡುತ್ತಾ ಬಾಗಿಲಿಗೆ ಬರುವವರನ್ನು ನಾನು ಹುಟ್ಟಿದಾಗಿನಿಂದ ಒಳಗಿನಿಂದ ನೋಡಿದ್ದೆ. ಹೊರಗೆ ನಿಂತು ಹಾಡುವವರ ಕಡೆಗೆ ಸೇರಿದ್ದು ಆ ಬೆಳಗ್ಗೆ. ಒಂಟಿತನ ಹೋದದ್ದು ಯಾವಾಗ ಎಂದು ಕೇಳಿದರೆ ಗಡಿಯಾರ ನೋಡಿ ಹೇಳಬಲ್ಲೆ.

ಲೂಸಿಯಾ ಸಿಸಿಲಿಯ ಸಿರಾಕ್ಯೂಸ್ ಪಟ್ಟಣದವಳು, ನಾಲ್ಕನೆಯ ಶತಮಾನದ ಆರಂಭದಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟವಳು. ದಕ್ಷಿಣದ ಆ ಸಂತ ಮಹಿಳೆ ಉತ್ತರದವರ ಮನೆ ಹೊಕ್ಕದ್ದಕ್ಕೆ ಪಂಚಾಂಗವೂ ಒಂದು ಕಾರಣ. ಹಳೆಯ ಲೆಕ್ಕದಲ್ಲಿ ವರ್ಷದ ಅತಿ ದೀರ್ಘ ರಾತ್ರಿ ಎಂದು ಜನ ನಂಬಿದ್ದು ಡಿಸೆಂಬರ್ 13ರ ರಾತ್ರಿಯನ್ನು. ಸ್ವೀಡನ್ 1753ರಲ್ಲಿ ಈಗಿನ ಕ್ಯಾಲೆಂಡರಿಗೆ ಬಂತು, ಹಬ್ಬ ಮಾತ್ರ ಹಳೆಯ ತಾರೀಖಿನಲ್ಲೇ ಉಳಿಯಿತು. ಅದೇ 1753ರಲ್ಲಿ, ಅದೇ ಉಪ್ಸಾಲಾದಲ್ಲಿ ಪ್ರಾಧ್ಯಾಪಕರಾಗಿದ್ದ ಲಿನ್ನೇಯಸ್ ನಮ್ಮ ತೋಟದ ಗಿಡಕ್ಕೆ 'ಕಾಫಿಯಾ ಅರೇಬಿಕಾ' ಎಂಬ ಹೆಸರನ್ನು ಗ್ರಂಥದಲ್ಲಿ ದಾಖಲಿಸಿದರು. ಅವರನ್ನು ಮಣ್ಣು ಮಾಡಿರುವುದು ಅಲ್ಲಿಯ ಕೆಥೆಡ್ರಲ್ಲಿನ ಒಳಗೆ. ಕಾಫಿ ಬೆಳೆಗಾರರ ಮಗಳಾಗಿ ಆ ಕಲ್ಲಿನ ಮುಂದೆ ಒಂದು ನಿಮಿಷ ಕೈಮುಗಿದು ನಿಂತೆ.

ಕ್ರಿಸ್ಮಸ್ಸಿಗೆ ಗೆಳತಿ ತನ್ನ ಅಜ್ಜಿಯ ಮನೆಗೆ ಕರೆದುಕೊಂಡು ಹೋದಳು. ಸಿಲ್ಯಾನ್ ಎಂಬ ದೊಡ್ಡ ಕೆರೆಯ ದಂಡೆಯ ಹಳ್ಳಿ, ಸುತ್ತ ಕಾಡು, ಕೆಂಪು ಬಳಿದ ಮರದ ಮನೆಗಳು. ಅದುವರೆಗೆ ಕ್ರಿಸ್ಮಸ್ ಎಂದರೆ ನನಗೆ ಪಕ್ಕದ ತೋಟದವರು ಕಳುಹಿಸುವ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆ ಮತ್ತು ಚಿಕ್ಕಮಗಳೂರಿನ ಚರ್ಚಿನಲ್ಲಿ ನೋಡಿದ ಗೋದಲಿ. ಅಲ್ಲಿ ದೊಡ್ಡ ಹಬ್ಬ 24ರ ಸಂಜೆಯೇ. ಮಧ್ಯಾಹ್ನ ಮೂರಕ್ಕೆ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಟಿವಿಯ ಮುಂದೆ ಕೂತು ಡೊನಾಲ್ಡ್ ಡಕ್ ನೋಡುತ್ತಾರೆ, ಪ್ರತಿ ವರ್ಷ ಹೆಚ್ಚು ಕಡಿಮೆ ಅದೇ ಕಾರ್ಯಕ್ರಮ, ಮಾತುಗಳೆಲ್ಲ ಎಲ್ಲರಿಗೂ ಬಾಯಿಪಾಠ.

ಊಟದ ಬಗ್ಗೆ ಎಲ್ಲರೂ ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಹಂದಿಮಾಂಸ ತಿನ್ನಲಿಲ್ಲ, ಯಾರೂ ಬೇಸರಪಡಲಿಲ್ಲ. ಆಲೂಗಡ್ಡೆ, ಕೋಸು, ರೊಟ್ಟಿ, ಚೀಸ್, ಅನ್ನದ ಪಾಯಸದಂತಹ ಗಂಜಿ ಬೇಕಾದಷ್ಟಿತ್ತು. ಆಲೂಗಡ್ಡೆ ಹೆಚ್ಚುವ ಕೆಲಸ ನಾನೇ ಕೇಳಿ ಪಡೆದೆ. ಲೂಸಿಯಾದ ಮೇಲೆ ಅಷ್ಟು ಬುದ್ಧಿ ಬಂದಿತ್ತು. ಹೊರಡುವ ಮೊದಲು ಸಲಹೆ ಕೇಳಿ ಬರುವ ಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಯಾರಾದರೂ ಹಬ್ಬಕ್ಕೆ ಕರೆದರೆ ಉಡುಗೊರೆಯ ಚಿಂತೆ ಮಾಡಬೇಡಿ, ಹೋದ ಕೂಡಲೇ ಏನು ಮಾಡಿಕೊಡಲಿ ಎಂದು ಕೇಳಿ.

ಅಜ್ಜಿಯ ಮನೆಯಲ್ಲಿ ನನ್ನ ಮನಸ್ಸಿಗೆ ಹತ್ತಿದ್ದು ಎರಡು. ಒಂದು, ಅವರ ನಂಟಿನ ಮಾತುಗಳು. ಇಂಗ್ಲಿಷಿನಲ್ಲಿ ಎಲ್ಲರೂ ಆಂಟಿ, ಎಲ್ಲರೂ ಅಂಕಲ್. ಸ್ವೀಡಿಷಿನಲ್ಲಿ ತಾಯಿಯ ಅಕ್ಕತಂಗಿಯರು 'ಮೂಸ್ಟರ್', ತಂದೆಯ ಅಕ್ಕತಂಗಿಯರು 'ಫಾಸ್ಟರ್'. ಸೋದರಮಾವನಿಗೂ ಚಿಕ್ಕಪ್ಪನಿಗೂ ಬೇರೆ ಬೇರೆ ಹೆಸರು. ಮನೆ ತುಂಬ ನೆಂಟರು ಸೇರಿದಾಗ ಯಾರು ಯಾರಿಗೆ ಏನಾಗಬೇಕೆಂದು ನನಗೆ ಚಿಕ್ಕಮ್ಮ, ಅತ್ತೆ, ಮಾವ ಎಂದೇ ಅರ್ಥವಾಗುತ್ತಾ ಹೋಯಿತು.

ಇನ್ನೊಂದು, ತೊಮ್ತೆ. ಹೊಲ, ದನ, ಕೊಟ್ಟಿಗೆ ಕಾಯುವ ಗಿಡ್ಡ ಮುದುಕ, ಕಣ್ಣಿಗೆ ಕಾಣುವವನಲ್ಲ. ಕ್ರಿಸ್ಮಸ್ ರಾತ್ರಿ ಅವನಿಗೆ ಬಟ್ಟಲಿನಲ್ಲಿ ಗಂಜಿ ಹಾಕಿ, ನಡುವೆ ಬೆಣ್ಣೆ ಇಟ್ಟು ಕೊಡಬೇಕು. ಒಮ್ಮೆ ಬೆಣ್ಣೆ ಗಂಜಿಯ ಅಡಿಯಲ್ಲಿತ್ತಂತೆ. ಕಾಣದೆ ಸಿಟ್ಟಿಗೆದ್ದು ಮನೆಯ ಒಳ್ಳೆಯ ಹಸುವನ್ನೇ ಕೊಂದನಂತೆ. ಆಮೇಲೆ ಗಂಜಿ ತಿನ್ನುತ್ತಾ ಅಡಿಯ ಬೆಣ್ಣೆ ಕಂಡು ಪಶ್ಚಾತ್ತಾಪಪಟ್ಟು, ಅಂಥದ್ದೇ ಹಸುವನ್ನು ತಂದು ಕಟ್ಟಿದನಂತೆ. ಅಜ್ಜಿ ಇದನ್ನು ಹೇಳುವಾಗ ನಮ್ಮ ತೋಟದ ಅಂಚಿನ ಚೌಡಿಯ ಬನ ಕಣ್ಣಿಗೆ ಕಟ್ಟಿತು. ಎಡೆ ತಪ್ಪಿದರೆ ದನಕ್ಕೆ ಕೇಡೆಂದು ನಮ್ಮ ಅಜ್ಜಿಯೂ ಹೇಳುತ್ತಾರೆ. ಗಂಜಿಯ ಬಟ್ಟಲನ್ನು ಹಿಮದಲ್ಲಿ ನಡೆದು ಕೊಟ್ಟಿಗೆಯ ಮೆಟ್ಟಿಲ ಮೇಲೆ ಇಟ್ಟು ಬಂದವಳು ನಾನು. ತಿರುಗಿ ನೋಡದೆ ಬಂದೆ. ನಮ್ಮಲ್ಲಿ ಎಡೆ ಇಟ್ಟ ಮೇಲೆ ಹಾಗೆಯೇ ತಾನೇ ಬರುವುದು.

ಜನವರಿ 13ಕ್ಕೆ ಅಲ್ಲಿ ಕ್ರಿಸ್ಮಸ್ ಪೂರ್ತಿ ಮುಗಿಯುತ್ತದೆ. ಮಕ್ಕಳು ಮರದ ಸುತ್ತ ಕುಣಿದು, ಅದರಲ್ಲಿ ತೂಗುಹಾಕಿದ ಮಿಠಾಯಿಗಳನ್ನು ಕಿತ್ತು ತಿಂದು, ಮರವನ್ನು ಹೊರಗೆ ಹಾಕುತ್ತಾರೆ. ನನ್ನ ಪರೀಕ್ಷೆ ಮುಗಿದಿತ್ತು. ಅಡುಗೆಮನೆಯ ಕಿಟಕಿಯ ನಕ್ಷತ್ರ ಇಳಿಸಿ, ಮಡಚಿ, ಗೆಳತಿ ನನ್ನ ಚೀಲಕ್ಕೆ ತುರುಕಿದಳು. ಸಂಕ್ರಾಂತಿಯ ಎಳ್ಳು-ಬೆಲ್ಲದ ಹೊತ್ತಿಗೆ ಮನೆಯಲ್ಲಿದ್ದೆ.

ಆ ವರ್ಷದ ದೀಪಾವಳಿಗೆ ಜಗುಲಿಯಲ್ಲಿ ಆಕಾಶಬುಟ್ಟಿಯ ಪಕ್ಕದಲ್ಲಿ ಆ ನಕ್ಷತ್ರವನ್ನೂ ಕಟ್ಟಿದೆ. ರಾತ್ರಿ ಒಂದರ ಸುಮಾರಿಗೆ ಅಂಟಿಗೆ-ಪಂಟಿಗೆಯವರು ಬಂದರು. ಮೊಬೈಲು ಕಂಬಕ್ಕೆ ಒರಗಿತ್ತು, ಪರದೆಯಲ್ಲಿ ಉಪ್ಸಾಲಾದ ಅಡುಗೆಮನೆ, ಗೆಳತಿಯ ಮುಖ. ನಾನು ಗಿಂಡಿ ಹಿಡಿದು ದೀಪಕ್ಕೆ ಎಣ್ಣೆ ಎರೆದೆ. "ನನ್ನ ಪಾಲಿನದನ್ನೂ ಎರೆ" ಎಂದಳು. ಗುಂಪಿನ ಹಿರಿಯರು ಅವಳು ಏನೆಂದಳೆಂದು ಕೇಳಿದರು. ಹೇಳಿದೆ. ಅವರು ದೀಪವನ್ನು ಮೊಬೈಲಿನ ಹತ್ತಿರಕ್ಕೆ ತಂದು ಹಿಡಿದರು, ನಾನು ಇನ್ನೊಂದು ಸಲ ಎರೆದೆ.