ಒಂದೇ ನಾಣ್ಯ, ಆದರೂ ಐದು ಹೇಗೆ?

ನೂರರವರೆಗೆ ಸಲೀಸಾಗಿ ಎಣಿಸುವ ಮಗುವಿನ ಮುಂದೆ ಒಂದರ ನಾಲ್ಕು ನಾಣ್ಯ ಒಂದು ಕಡೆ, ಐದರದ್ದು ಒಂದೇ ಒಂದು ಇನ್ನೊಂದು ಕಡೆ ಇಟ್ಟು, ನಿನಗೆ ಯಾವುದು ಬೇಕು ಅಂತ ಕೇಳಿ ನೋಡಿ. ಎಷ್ಟೋ ಮಕ್ಕಳ ಕೈ ನಾಲ್ಕಿರುವ ಕಡೆಗೇ ಹೋಗುತ್ತದೆ. ನಮಗೆ ನಗು ಬರುತ್ತದೆ. ಆದರೆ ಒಂದು ವಸ್ತುವಿಗೆ ಒಂದು ಸಂಖ್ಯೆ ಅಂತ ಇಷ್ಟು ದಿನ ಬೆರಳಿಟ್ಟು ಹೇಳಿಕೊಟ್ಟಿದ್ದು ನಾವೇ ಅಲ್ವಾ? ಈಗ ಇದ್ದಕ್ಕಿದ್ದಂತೆ ‘ಇದು ಒಂದೇ, ಆದರೆ ಐದು’ ಅಂದರೆ ಮಗು ಯಾಕೆ ನಂಬಬೇಕು?

ಚಿಲ್ಲರೆ ಎಣಿಸುವುದರಲ್ಲಿ ನಿಜವಾದ ಕಷ್ಟ ಇರುವುದು ಇಲ್ಲೇ. ಉಳಿದದ್ದು ಹೆಚ್ಚು ಕಡಿಮೆ ಅಭ್ಯಾಸ.

ಗಾತ್ರ ನೋಡಿ ಗುರುತಿಸು ಅನ್ನೋಣ ಅಂದರೆ ಅದೂ ಕೈಕೊಡುತ್ತದೆ. ಅಮೆರಿಕದಲ್ಲಿ 5 ಸೆಂಟಿನ ನಾಣ್ಯ 21.21 ಮಿ.ಮೀ. ಅಗಲ, 10 ಸೆಂಟಿನದ್ದು ಬರೀ 17.91 ಮಿ.ಮೀ. ಬ್ರಿಟನ್ನಿನಲ್ಲೂ 2 ಪೆನ್ಸ್ ನಾಣ್ಯದ ಮುಂದೆ 5 ಪೆನ್ಸ್ ಪುಟ್ಟದು. ಇನ್ನು ಮಕ್ಕಳ ಕಣ್ಣು ಬೇರೆ ಮೋಸ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತೋರಿಸಿದ್ದು ಇದನ್ನೇ: ಒಂದೇ ಎಣಿಕೆಯ ವಸ್ತುಗಳಿರುವ ಎರಡು ಸಾಲುಗಳಲ್ಲಿ ಒಂದನ್ನು ಸ್ವಲ್ಪ ಹರಡಿ ಇಟ್ಟರೆ, ನಾಲ್ಕೈದು ವರ್ಷದ ಮಗು ಉದ್ದ ಕಾಣುವ ಸಾಲಿನಲ್ಲೇ ಜಾಸ್ತಿ ಇದೆ ಅನ್ನುತ್ತದೆ.

ಹಾಗಾಗಿ ಮೊದಲು ಬೆಲೆಯನ್ನು ಕೈಗೆ ಸಿಗುವ ಹಾಗೆ ಮಾಡಬೇಕು. ಐದರ ನಾಣ್ಯದ ಮೇಲೆ ಬೆರಳಿನಿಂದ ಐದು ಸಲ ಕುಟ್ಟಿ, ಪ್ರತಿ ಸಲವೂ ಎಣಿಸಲಿ. ಆಮೇಲೆ ದಾಳ ಹಾಕಿ ಆಡಿ: ಬಿದ್ದಷ್ಟು ಒಂದರ ನಾಣ್ಯ ತಗೊಳ್ಳುವುದು, ಐದು ಸೇರಿದ ತಕ್ಷಣ ಅವನ್ನು ಕೊಟ್ಟು ಐದರದ್ದು ತಗೊಳ್ಳುವುದು. ಮೊದಮೊದಲು ಐದು ಕೊಟ್ಟು ಒಂದು ತಗೊಳ್ಳಲು ಮುಖ ಸಣ್ಣಗಾಗುತ್ತದೆ, ಆ ಜಿಪುಣತನ ನೋಡಲು ಮಜವಾಗಿರುತ್ತದೆ! ಬೇಕಾದರೆ ವಾಪಸ್ ಬದಲಾಯಿಸಿಕೊಳ್ಳಲಿ ಬಿಡಿ. ಹೋದದ್ದು ಹೋಗಲಿಲ್ಲ ಅಂತ ಗೊತ್ತಾಗುವುದು ಹಾಗೆಯೇ. ಆಟಕ್ಕೆ ಪ್ಲಾಸ್ಟಿಕ್ ನಾಣ್ಯಕ್ಕಿಂತ ನಿಜವಾದದ್ದೇ ವಾಸಿ ಅನ್ನುವವಳು ನಾನು, ತೂಕ, ಅಂಚು, ಸದ್ದು ಎಲ್ಲ ಗುರುತಿಗೆ ಬರುತ್ತವೆ. ಏನು ಸಿಕ್ಕರೂ ಬಾಯಿಗೆ ಹಾಕಿಕೊಳ್ಳುವ ಚಿಕ್ಕವರು ಪಕ್ಕದಲ್ಲಿದ್ದರೆ ಮಾತ್ರ ಬೇಡವೇ ಬೇಡ.

ಬೇರೆ ಬೇರೆ ನಾಣ್ಯ ಕೂಡಿಸುವಾಗ ದೊಡ್ಡದರಿಂದ ಶುರು ಮಾಡಿಸಿ. ಹತ್ತು, ಹದಿನೈದು, ಹದಿನೇಳು, ಹದಿನೆಂಟು. ಎಡವುವುದು ನಾಣ್ಯ ಬದಲಾಗುವ ಜಾಗದಲ್ಲಿ. ಐದೈದರಂತೆ ಹೋಗುತ್ತಿದ್ದ ಮಗು ಒಂದರ ನಾಣ್ಯ ಬಂದರೂ ಅದೇ ಓಟದಲ್ಲಿ ಐದು ಸೇರಿಸಿಬಿಡುತ್ತದೆ. ಅಲ್ಲಿ ಒಂದು ಕ್ಷಣ ನಿಲ್ಲಿಸಿ, ‘ಈಗ ಯಾವುದು ಬಂತು?’ ಅಂತ ಕೇಳಿದರೆ ಸಾಕು, ಉತ್ತರ ಹೇಳಿಕೊಡಬೇಡಿ.

ಚಿಲ್ಲರೆ ವಾಪಸ್ ಕೊಡುವುದಕ್ಕೆ ಕಳೆಯುವ ಲೆಕ್ಕ ಬೇಕಾಗಿಲ್ಲ. 13ರ ವಸ್ತುವಿಗೆ 20 ಕೊಟ್ಟರೆ ಹದಿಮೂರರಿಂದ ಮೇಲಕ್ಕೆ ಎಣಿಸುತ್ತಾ ಕೈಗೆ ಹಾಕುವುದು: ಹದಿನಾಲ್ಕು, ಹದಿನೈದು, ಆಮೇಲೆ ಐದರದ್ದೊಂದು ಹಾಕಿ ಇಪ್ಪತ್ತು. ನಮ್ಮ ಅಕ್ಕನ ಮಗಳಿಗೆ ಇದನ್ನು ಆಡಿ ತೋರಿಸಿದಾಗ ಅವಳಿಗೆ ಭಾರಿ ಖುಷಿ. ‘ನಾನು ಒಂದೇ ಕೊಟ್ಟೆ ಚಿಕ್ಕಮ್ಮ, ನೀನು ಮೂರು ಕೊಟ್ಟೆ, ವಸ್ತುನೂ ಕೊಟ್ಟೆ!’ ವ್ಯಾಪಾರ ಅಂದರೆ ಇದೇ ಅಂದುಕೊಂಡಿದ್ದಳು. ಸರಿ, ಈ ಸಲ ನೀನು ಅಂಗಡಿಯವಳಾಗು ಅಂದೆ. ಎರಡು ಸಲ ವ್ಯಾಪಾರ ಆಗುವಷ್ಟರಲ್ಲಿ ಡಬ್ಬಿಯಲ್ಲಿದ್ದ ಒಂದರ ನಾಣ್ಯಗಳೆಲ್ಲ ಖಾಲಿ, ಮೂರನೇ ಸಲ ಅವಳೇ ನನ್ನನ್ನು ‘ಸರಿಯಾಗಿ ಚಿಲ್ಲರೆ ಕೊಡಿ’ ಅಂತ ಗದರಿಸಿದಳು.