ಕಾರಿನೊಳಗಿನ ಟಕಟಕ ಸದ್ದಿನ ಹಿಂದೆ ಆರು ವಾರ

ಬೆಳಗಿನ ತಂಪಿನಲ್ಲಿ ಕಾರು ಹೊರಟ ಮೊದಲ ಹದಿನೈದು ನಿಮಿಷ ಮಾತ್ರ, ಅದೂ ರಸ್ತೆ ಒರಟಾಗಿದ್ದ ಕಡೆಗಳಲ್ಲಿ ಮಾತ್ರ, ಡ್ಯಾಶ್‌ಬೋರ್ಡಿನ ಎಡಭಾಗದಿಂದ ಸಣ್ಣಗೆ ಟಕಟಕ ಎನ್ನುವ ಸದ್ದು ಬರುತ್ತಿತ್ತು. ಬಿಸಿಲೇರಿದ ಮೇಲೆ ಅದು ತಾನಾಗಿಯೇ ನಿಂತುಹೋಗುತ್ತಿತ್ತು. ಗ್ಯಾರೇಜಿಗೆ ಒಯ್ದಾಗಲೆಲ್ಲ ಸದ್ದು ಇರುತ್ತಿರಲಿಲ್ಲ. ಕೇಳಿಸದ ಸದ್ದನ್ನು ಯಾರಾದರೂ ಹೇಗೆ ಸರಿಪಡಿಸಿಯಾರು? ಹೀಗಾಗಿ ಅದನ್ನು ನಾನೇ ಹುಡುಕಬೇಕಾಯಿತು. ಹುಡುಕುವುದಕ್ಕೆ ಆರು ವಾರ ಹಿಡಿಯಿತು, ಸರಿಪಡಿಸುವುದಕ್ಕೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಈ ಕೆಲಸದಲ್ಲಿ ಶ್ರಮವೆಲ್ಲ ಜಾಗ ಪತ್ತೆಮಾಡುವುದರಲ್ಲೇ ಇದೆ ಎಂಬುದು ನನಗೆ ಮೊದಲೇ ತಿಳಿದಿದ್ದರೆ, ಆರಂಭದ ವಾರಗಳಲ್ಲಿ ಸ್ಪಂಜಿನ ತುಂಡುಗಳನ್ನು ಸಿಕ್ಕಸಿಕ್ಕ ಸಂದಿಗೆ ತುರುಕುತ್ತ ಕೂರುತ್ತಿರಲಿಲ್ಲ.

ಮೊದಲು ಮಾಡಬೇಕಾದದ್ದು ಸದ್ದಿನ ಜಾತಿಯನ್ನು ಗುರುತಿಸುವುದು. ಅನುಕರಣ ಪದಗಳು ಹೇರಳವಾಗಿರುವ ಕನ್ನಡದಲ್ಲಿ ಇದು ಕಷ್ಟವಲ್ಲ: ಕಿರಕಿರ ಬೇರೆ, ಟಕಟಕ ಬೇರೆ, ಲೊಡಲೊಡ ಬೇರೆ, ಗುಂಯ್ ಎನ್ನುವುದೇ ಬೇರೆ. ಒಂದಕ್ಕೊಂದು ಒತ್ತಿಕೊಂಡಿರುವ ಎರಡು ಭಾಗಗಳು ಜಾರಲು ಹೊರಟಾಗ ಹುಟ್ಟುವುದು ಕಿರಕಿರ. ನಿಶ್ಚಲವಾಗಿರುವ ಮೇಲ್ಮೈಗಳನ್ನು ಕದಲಿಸಲು ಬೇಕಾದ ಬಲವು ಅವು ಜಾರುತ್ತಿರುವಾಗ ಬೇಕಾದ ಬಲಕ್ಕಿಂತ ಹೆಚ್ಚಾಗಿರುವುದರಿಂದ, ಭಾಗಗಳು ಕಚ್ಚಿಕೊಂಡು ನಿಂತು, ಸೆಳೆತ ಮಿತಿಮೀರಿದಾಗ ತಟ್ಟನೆ ಜಾರಿ, ಮತ್ತೆ ಕಚ್ಚಿಕೊಳ್ಳುತ್ತವೆ. ಒಂದು ಸೆಕೆಂಡಿನಲ್ಲಿ ನೂರಾರು ಬಾರಿ ನಡೆಯಬಲ್ಲ ಈ ಕಚ್ಚಾಟವೇ ಕಿವಿಗೆ ಒಂದೇ ಎಳೆಯ ಸದ್ದಾಗಿ ಕೇಳುತ್ತದೆ. ಪಿಟೀಲಿನ ಕಮಾನು ತಂತಿಯಿಂದ ನಾದ ಹೊರಡಿಸುವುದೂ ಇದೇ ಬಗೆಯಲ್ಲಿ. ಟಕಟಕ, ಲೊಡಲೊಡಗಳ ಕಥೆ ಇದಕ್ಕೆ ವಿರುದ್ಧವಾದದ್ದು. ಅಲ್ಲಿ ಎರಡು ಭಾಗಗಳ ನಡುವೆ ಇರಬಾರದ ಬಿಡುವಿದೆ, ಕಂಪನ ಬಂದಾಗಲೆಲ್ಲ ಅವು ಒಂದನ್ನೊಂದು ಬಡಿಯುತ್ತವೆ.

ಈ ವ್ಯತ್ಯಾಸವನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಿರುಗುಟ್ಟುವ ಕೀಲನ್ನು ಇನ್ನಷ್ಟು ಬಿಗಿಗೊಳಿಸಿದರೆ ಸದ್ದು ಹೆಚ್ಚಾಗಬಹುದು. ಅಲ್ಲಿಗೆ ಬೇಕಾದದ್ದು ಜಾರಿಕೆ. ಬಡಿಯುವ ಭಾಗಕ್ಕೆ ಗ್ರೀಸ್ ಹಚ್ಚಿ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದು ಬಿಗಿ, ಇಲ್ಲವೇ ನಡುವೆ ಒಂದು ಮೆತ್ತೆ.

ನನ್ನ ಕಾರಿನ ಸದ್ದು ಬಿಸಿಲಿಗೆ ಏಕೆ ಮಾಯವಾಗುತ್ತಿತ್ತು ಎಂಬುದಕ್ಕೆ ಉತ್ತರ ಪ್ಲಾಸ್ಟಿಕ್ಕಿನ ಸ್ವಭಾವದಲ್ಲಿದೆ. ಒಂದು ಮೀಟರ್ ಉದ್ದದ ಉಕ್ಕಿನ ಪಟ್ಟಿಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅದು ಹಿಗ್ಗುವುದು ಸುಮಾರು 0.36 ಮಿಲಿಮೀಟರ್. ಕಾರಿನ ಒಳಹೊದಿಕೆಗಳಿಗೆ ಬಳಸುವ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಅಷ್ಟೇ ಉದ್ದಕ್ಕೆ 2 ಮಿಲಿಮೀಟರಿಗೂ ಹೆಚ್ಚು ಹಿಗ್ಗುತ್ತದೆ. ಕಾರಿನ ಒಳಭಾಗವೆಂದರೆ ಉಕ್ಕಿನ ಚೌಕಟ್ಟಿಗೆ ಕ್ಲಿಪ್ಪುಗಳಿಂದ ಸಿಕ್ಕಿಸಿದ ಪ್ಲಾಸ್ಟಿಕ್ ಹೊದಿಕೆಗಳ ಸಾಲು. ಉಕ್ಕು ಒಂದು ಲೆಕ್ಕದಲ್ಲಿ, ಪ್ಲಾಸ್ಟಿಕ್ ಇನ್ನೊಂದು ಲೆಕ್ಕದಲ್ಲಿ ಹಿಗ್ಗಿ ಕುಗ್ಗುವಾಗ ಸಂದಿಗಳು ದಿನವೂ ತೆರೆದು ಮುಚ್ಚುತ್ತಿರುತ್ತವೆ. ತಂಪಿನಲ್ಲಿ ಕುಗ್ಗಿ ಸಡಿಲವಾದದ್ದು ಟಕಟಕ ಎನ್ನುತ್ತದೆ, ಬಿಸಿಲಿಗೆ ಹಿಗ್ಗಿ ಬಿಗಿಯಾದರೆ ಸುಮ್ಮನಾಗುತ್ತದೆ. ಬಿಸಿಲಿನಲ್ಲಿ ಒಂದನ್ನೊಂದು ಒತ್ತಿಕೊಂಡು ಕಿರುಗುಟ್ಟಲು ತೊಡಗುವ ಭಾಗಗಳೂ ಇವೆ. ಸದ್ದು ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳುವುದು ಆದ್ದರಿಂದಲೇ ಮುಖ್ಯ. ಉಷ್ಣತೆ, ವೇಗ, ರಸ್ತೆಯ ಬಗೆ, ಬ್ರೇಕ್ ಒತ್ತಿದ್ದೆನೋ ತಿರುವಿನಲ್ಲಿದ್ದೆನೋ ಎಂಬುದು, ಹಿಂದಿನ ಸೀಟಿನಲ್ಲಿ ಜನರಿದ್ದರೋ ಇಲ್ಲವೋ ಎಂಬುದು, ಇವಿಷ್ಟನ್ನು ನಾನು ಒಂದು ಸಣ್ಣ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳತೊಡಗಿದ ಮೇಲೆಯೇ ಹುಡುಕಾಟಕ್ಕೆ ದಾರಿ ಸಿಕ್ಕಿತು.

ಇನ್ನು ಕಿವಿಯ ವಿಷಯ. ತೆರೆದ ಬಯಲಿನಲ್ಲಿ ಸದ್ದು ಎತ್ತಣಿಂದ ಬಂತೆಂದು ಹೇಳಬಲ್ಲ ಕಿವಿ ಕಾರಿನೊಳಗೆ ಮೋಸಹೋಗುತ್ತದೆ. ಸದ್ದು ಎರಡು ಕಿವಿಗಳನ್ನು ತಲುಪುವ ಹೊತ್ತಿನಲ್ಲಿರುವ, ಒಂದು ಮಿಲಿಸೆಕೆಂಡಿಗೂ ಕಡಿಮೆಯಾದ ಅಂತರದಿಂದ ಮಿದುಳು ಎಡಬಲವನ್ನು ಊಹಿಸುತ್ತದೆ. ಮುಂದೆ ಹಿಂದೆ, ಮೇಲೆ ಕೆಳಗೆ ಎಂಬುದನ್ನು ಹೇಳಲು ಆ ಅಂತರವೊಂದೇ ಸಾಲದು. ಸುತ್ತಲೂ ಗಾಜಿರುವ ಸಣ್ಣ ಕೋಣೆಯಲ್ಲಿ ಪ್ರತಿ ಸದ್ದೂ ನಾಲ್ಕಾರು ಕಡೆಗಳಿಂದ ಪ್ರತಿಫಲಿಸಿ ಬರುತ್ತದೆ. ಜೊತೆಗೆ, ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದವು ಉಕ್ಕಿನಲ್ಲಿ ಸುಮಾರು 5 ಕಿಲೋಮೀಟರ್ ಸಾಗುವುದರಿಂದ, ಒಂದು ಕಡೆ ಹುಟ್ಟಿದ ಬಡಿತ ಚೌಕಟ್ಟಿನ ಮೂಲಕ ಹರಿದು ಬೇರೆಲ್ಲೋ ಇರುವ ಅಗಲವಾದ ಹೊದಿಕೆಯನ್ನು ಅದುರಿಸುತ್ತದೆ, ನಾವು ಆ ಹೊದಿಕೆಯನ್ನು ಅಪರಾಧಿ ಎಂದುಕೊಳ್ಳುತ್ತೇವೆ. ಡ್ಯಾಶ್‌ಬೋರ್ಡಿನಿಂದ ಬಂತೆಂದು ನನಗೆ ಖಚಿತವಾಗಿದ್ದ ಸದ್ದು ಡ್ಯಾಶ್‌ಬೋರ್ಡಿನದಾಗಿರಲೇ ಇಲ್ಲ.

ಹುಡುಕಾಟಕ್ಕೆ ಮುನ್ನ ಕಾರನ್ನು ಪೂರ್ತಿ ಖಾಲಿ ಮಾಡಬೇಕು. ಗ್ಲವ್ ಬಾಕ್ಸ್, ಬಾಗಿಲಿನ ಜೇಬುಗಳು, ಸೀಟಿನ ಕೆಳಗೆ ಉರುಳಿಹೋದ ನಾಣ್ಯ, ಕನ್ನಡಕದ ಡಬ್ಬಿ, ಡಿಕ್ಕಿಯಲ್ಲಿರುವ ಜ್ಯಾಕು ಮತ್ತು ಸ್ಪ್ಯಾನರು, ಎಲ್ಲವೂ ಹೊರಗೆ ಬರಬೇಕು. ಸ್ಟೆಪ್ನಿ ಚಕ್ರವನ್ನು ಹಿಡಿದಿರುವ ಬೋಲ್ಟು ಬಿಗಿಯಾಗಿದೆಯೇ ಎಂದೂ ನೋಡಬೇಕು. ಯಾರೂ ಕೂರದ ಸೀಟಿನ ಬೆಲ್ಟಿನ ಲೋಹದ ನಾಲಗೆ ಪಕ್ಕದ ಕಂಬವನ್ನು ಬಡಿಯುವುದು ತುಂಬ ಸಾಮಾನ್ಯವಾದ ಕಾರಣ. ಹೆಡ್‌ರೆಸ್ಟಿನ ಸರಳುಗಳೂ ಹಾಗೆಯೇ. ಸ್ಕ್ರೂಡ್ರೈವರ್ ಮುಟ್ಟದೆ ಪರಿಹಾರವಾಗುವ ಸದ್ದುಗಳು ಬಹಳ ಇವೆ, ಮತ್ತು ಅವುಗಳನ್ನು ಮೊದಲು ಕಳೆದುಕೊಳ್ಳದೆ ಉಳಿದವುಗಳ ಬೆನ್ನುಹತ್ತುವುದು ವ್ಯರ್ಥ.

ಆಮೇಲೆ ಸದ್ದನ್ನು ನಮ್ಮ ಇಚ್ಛೆಯಂತೆ ಬರಿಸುವುದು ಹೇಗೆಂದು ಕಂಡುಕೊಳ್ಳಬೇಕು. ಕಾರು ನಿಂತಿರುವಾಗ, ನ್ಯೂಟ್ರಲ್ಲಿನಲ್ಲಿ, ಎಂಜಿನ್ನಿನ ವೇಗವನ್ನು ನಿಧಾನವಾಗಿ ಏರಿಸಿದಾಗ ಒಂದು ಹಂತದಲ್ಲಿ ಮಾತ್ರ ಗುಂಯ್ ಎಂದರೆ ಅದು ಅನುರಣನ. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಅದರೊಳಗೆ ಸೆಕೆಂಡಿಗೆ 50 ಬಾರಿ ಇಂಧನ ಸಿಡಿದು ಅಷ್ಟೇ ಬಾರಿ ಕಂಪನ ಹುಟ್ಟುತ್ತದೆ. ಯಾವುದೋ ಸಡಿಲ ಭಾಗದ ಸಹಜ ಕಂಪನವೂ ಅಷ್ಟೇ ಇದ್ದರೆ ಅದು ದನಿಗೂಡಿಸುತ್ತದೆ. ಸ್ಪೀಕರುಗಳ ಮೂಲಕ 30 ಹರ್ಟ್ಸ್‌ನಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸ್ವರವನ್ನು ನುಡಿಸಿ ಬಾಗಿಲಿನ ಹೊದಿಕೆಗಳನ್ನು ಪರೀಕ್ಷಿಸುವುದು ನನಗೆ ಬಹಳ ಇಷ್ಟವಾದ ಉಪಾಯ, ಏಕೆಂದರೆ ಅದನ್ನು ಕಾರು ನಿಲ್ಲಿಸಿಕೊಂಡೇ ಮಾಡಬಹುದು. ಇನ್ನು ರಸ್ತೆಯುಬ್ಬಿನ ಮೇಲೆ ಕಾರನ್ನು ಓರೆಯಾಗಿ, ನಿಧಾನವಾಗಿ ಹತ್ತಿಸಿದರೆ ಚೌಕಟ್ಟು ಸ್ವಲ್ಪ ತಿರುಚಿಕೊಳ್ಳುತ್ತದೆ. ಆಗ ಮಾತ್ರ ಬರುವ ಕಿರುಗುಟ್ಟುವಿಕೆ ಬಾಗಿಲಿನ ರಬ್ಬರ್ ಬೀಡಿಂಗಿನದೋ ಡಿಕ್ಕಿಯ ಮುಚ್ಚಳದ್ದೋ ಆಗಿರುವ ಸಾಧ್ಯತೆ ಹೆಚ್ಚು.

ನನ್ನ ವಿಷಯದಲ್ಲಿ ಕೊನೆಗೆ ನೆರವಿಗೆ ಬಂದದ್ದು ಇನ್ನೊಬ್ಬರ ಕೈ. ಅದಕ್ಕೂ ಮೊದಲು ಒಂದು ತಪ್ಪನ್ನು ಹೇಳಿಬಿಡಬೇಕು. ಮೂರನೆಯ ವಾರ ಗ್ಲವ್ ಬಾಕ್ಸಿನ ಅಂಚಿಗೆ ಫೋಮ್ ಟೇಪ್ ಅಂಟಿಸಿದ ಮರುದಿನ ಸದ್ದು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ, ಗೆದ್ದೆನೆಂದು ತಿಳಿದೆ. ನಾಲ್ಕನೆಯ ದಿನ ಅದು ಮೊದಲಿನಂತೆಯೇ ಮರಳಿತು. ಪುಸ್ತಕ ತೆರೆದು ನೋಡಿದರೆ ಆ ಎರಡೂ ದಿನ ಬೆಳಗಿನ ಚಳಿ ಕಡಿಮೆಯಿತ್ತು. ನಾನು ಏನನ್ನೂ ಸರಿಪಡಿಸಿರಲಿಲ್ಲ. ಹವಾಮಾನ ಬದಲಾಗಿತ್ತು, ಅಷ್ಟೇ. ಸದ್ದು ನಿಂತಿತು ಎಂಬುದೊಂದೇ ಪುರಾವೆಯಾಗದು, ಕೈ ಇಟ್ಟಾಗ ನಿಂತು, ಕೈ ತೆಗೆದಾಗ ಮತ್ತೆ ಬಂದರೆ ಮಾತ್ರ ಜಾಗ ಸಿಕ್ಕಿತೆಂದು ಒಪ್ಪಬೇಕು ಎಂದು ಅಂದೇ ನಿರ್ಧರಿಸಿದೆ.

ಹಾಗಾಗಿ ಒಂದು ಚಳಿಯ ಬೆಳಗ್ಗೆ ಸ್ನೇಹಿತರೊಬ್ಬರನ್ನು ಕರೆದು, ಜನಸಂಚಾರವಿಲ್ಲದ ಒರಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಕಾರು ಓಡಿಸಲು ಕೇಳಿಕೊಂಡೆ. ನಾನು ಬೆಲ್ಟ್ ಹಾಕಿಕೊಂಡು ಪಕ್ಕದ ಸೀಟಿನಲ್ಲಿ ಕುಳಿತು ಒಂದೊಂದೇ ಭಾಗವನ್ನು ಅಂಗೈಯಿಂದ ಒತ್ತುತ್ತ ಹೋದೆ. ಗಾಳಿ ಬರುವ ಕಿಂಡಿ, ಗ್ಲವ್ ಬಾಕ್ಸ್, ಡ್ಯಾಶ್‌ಬೋರ್ಡಿನ ಅಂಚು, ಯಾವುದಕ್ಕೂ ಸದ್ದು ಜಗ್ಗಲಿಲ್ಲ. ಮುಂದಿನ ಗಾಜಿನ ಎಡಪಕ್ಕದ ಕಂಬಕ್ಕಿರುವ ಹೊದಿಕೆಯನ್ನು ಒತ್ತಿದಾಗ ಸದ್ದು ಥಟ್ಟನೆ ನಿಂತಿತು. ಕೈ ತೆಗೆದೆ, ಬಂತು. ಮತ್ತೆ ಒತ್ತಿದೆ, ನಿಂತಿತು. “ಇನ್ನೊಂದು ಸಲ ಮಾಡಿ ನೋಡಿ” ಎಂದು ಸ್ನೇಹಿತರು ಹೇಳಿದರು. ಮೂರನೆಯ ಸಲವೂ ಹಾಗೆಯೇ ಆಯಿತು. ಆ ಕ್ಷಣದ ಸಮಾಧಾನ ಎಷ್ಟೆಂದು ಬರೆದು ತಿಳಿಸುವುದು ಕಷ್ಟ.

ಕಾರಣ ಇಷ್ಟೇ. ಕೆಲವು ತಿಂಗಳ ಹಿಂದೆ ಒಂದು ಅಂಗಡಿಯಲ್ಲಿ ಡ್ಯಾಶ್ ಕ್ಯಾಮೆರಾ ಹಾಕಿಸಿದ್ದಾಗ ಅದರ ವೈರನ್ನು ಆ ಹೊದಿಕೆಯ ಹಿಂದೆ ಎಳೆದಿದ್ದರು. ಹೊದಿಕೆಯ ಮೇಲಿನ ಕ್ಲಿಪ್ ಪೂರ್ತಿ ಕೂತಿರಲಿಲ್ಲ, ಮತ್ತು ವೈರಿನ ನಡುವೆ ಇದ್ದ ಪುಟ್ಟ ಪ್ಲಾಸ್ಟಿಕ್ ಕನೆಕ್ಟರ್ ಅದರ ಒಳಮೈಗೆ ಬಡಿಯುತ್ತಿತ್ತು. ಸದ್ದಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ: ಆ ಕಂಬದಲ್ಲಿ ಕರ್ಟನ್ ಏರ್‌ಬ್ಯಾಗ್, ಅಂದರೆ ಅಪಘಾತವಾದಾಗ ಪಕ್ಕದ ಗಾಜಿನ ಮೇಲೆ ಪರದೆಯಂತೆ ಅರಳಿ ತಲೆಯನ್ನು ಕಾಪಾಡುವ ಗಾಳಿಚೀಲ, ಇದ್ದು, ವೈರು ಅದರ ಮುಂದೆಯೇ ಅಡ್ಡಲಾಗಿ ಹಾದುಹೋಗಿತ್ತು. ಏರ್‌ಬ್ಯಾಗ್ ಅರಳುವ ಹಾದಿಯಲ್ಲಿ ವೈರಾಗಲಿ, ಟೇಪಾಗಲಿ, ಸ್ಪಂಜಾಗಲಿ ಇರಕೂಡದು. ಆದ್ದರಿಂದ ಈ ಕೆಲಸವನ್ನು ನಾನೇ ಮಾಡಲಿಲ್ಲ. ತರಬೇತಿ ಪಡೆದ ಮೆಕ್ಯಾನಿಕ್ ಒಬ್ಬರು ಬ್ಯಾಟರಿ ಕಳಚಿ, ಕಾರಿನ ಕೈಪಿಡಿ ಹೇಳುವಷ್ಟು ಹೊತ್ತು ಕಾದು, ಹೊದಿಕೆ ತೆಗೆದು, ವೈರನ್ನು ಏರ್‌ಬ್ಯಾಗಿನ ಹಿಂಬದಿಗೆ ಸರಿಸಿ ಮೂಲ ವೈರುಗಳ ಕಟ್ಟಿಗೆ ಬಿಗಿದರು. ಕನೆಕ್ಟರಿಗೆ ಬಟ್ಟೆಯ ಟೇಪ್ ಸುತ್ತಿದರು. ಕ್ಲಿಪ್ಪನ್ನು ಹೊಸದಾಗಿ ಹಾಕಿದರು. ಈ ಜಾಗದ ಕ್ಲಿಪ್ಪುಗಳು ಹಲವು ಕಾರುಗಳಲ್ಲಿ ಒಮ್ಮೆ ತೆಗೆದರೆ ಮರುಬಳಕೆಗೆ ಬಾರದಂಥವು ಎಂಬುದನ್ನು ನಾನು ಆಗಲೇ ತಿಳಿದದ್ದು. ಕಂಬಗಳು, ಸ್ಟಿಯರಿಂಗ್, ಸೀಟಿನ ಪಕ್ಕೆ, ಏರ್‌ಬ್ಯಾಗಿನ ಗುರುತಾದ ಹಳದಿ ಬಣ್ಣದ ಕನೆಕ್ಟರ್ ಇರುವ ಯಾವುದೇ ಜಾಗ, ಇವುಗಳನ್ನು ಬಲ್ಲವರಿಗೇ ಬಿಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಉಳಿದ ಸದ್ದುಗಳನ್ನು ನಾನೇ ಪರಿಹರಿಸಿಕೊಂಡೆ. ಹಿಂದಿನ ಸೀಟಿನ ಬೆನ್ನನ್ನು ಹಿಡಿದಿಡುವ ಕೊಂಡಿ ಲೋಹದ ಕಂಬಿಗೆ ಬಡಿದು ಟಿಕ್ ಟಿಕ್ ಎನ್ನುತ್ತಿತ್ತು. ಕಂಬಿಗೆ ಬಟ್ಟೆಯ ಟೇಪಿನ ಒಂದು ಸುತ್ತು ಸಾಕಾಯಿತು, ಆದರೆ ಟೇಪ್ ಸುತ್ತಿದ ಮೇಲೆ ಕೊಂಡಿ ಪೂರ್ತಿ ಕಚ್ಚಿಕೊಳ್ಳುತ್ತದೆಯೇ ಎಂದು ಸೀಟನ್ನು ಜಗ್ಗಿ ಪರೀಕ್ಷಿಸಲೇಬೇಕು. ಬಾಗಿಲಿನ ಬೀಡಿಂಗಿನ ಕಿರುಗುಟ್ಟುವಿಕೆಗೆ ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿದೆ. ಇಲ್ಲಿ ಕೈಗೆ ಸಿಕ್ಕಿದ ಎಂಜಿನ್ ಆಯಿಲ್ ಹಚ್ಚಬಾರದು: ಬೀಡಿಂಗುಗಳಿಗೆ ಸಾಮಾನ್ಯವಾಗಿ ಬಳಸುವ ಇಪಿಡಿಎಂ ರಬ್ಬರ್ ಪೆಟ್ರೋಲಿಯಂ ಎಣ್ಣೆ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಎರಡು ಹೊದಿಕೆಗಳು ಕೂಡುವ ಸಂದಿಯ ಮೇಲೆ ಅನುಮಾನ ಬಂದರೆ, ಏನನ್ನೂ ಬಿಚ್ಚುವ ಮೊದಲು ದಪ್ಪ ಕಾಗದದ ತುಂಡೊಂದನ್ನು ಅಲ್ಲಿ ಸಿಕ್ಕಿಸಿ ಎರಡು ದಿನ ಓಡಾಡಿ ನೋಡುವುದು ಒಳ್ಳೆಯದು. ಕಾಗದವಿದ್ದಾಗ ನಿಂತ ಸದ್ದು ಅದನ್ನು ತೆಗೆದಾಗ ಮರಳಿದರೆ, ಅಲ್ಲಿ ತೆಳುವಾದ ಬಟ್ಟೆಯ ಟೇಪ್ ಹಾಕಬಹುದು. ಹೊದಿಕೆ ತೆಗೆಯಲು ಸ್ಕ್ರೂಡ್ರೈವರಿನ ಬದಲು ಅದಕ್ಕೆಂದೇ ಸಿಗುವ ಪ್ಲಾಸ್ಟಿಕ್ ಪಟ್ಟಿಯನ್ನು ಬಳಸಿದರೆ ಅಂಚು ಗೀರುವುದಿಲ್ಲ. ಬಲವಂತದಿಂದ ಒಂದು ಕ್ಲಿಪ್ ಮುರಿದರೆ ಅದೇ ಮುಂದಿನ ಸದ್ದಿಗೆ ಬೀಜವಾಗುತ್ತದೆ.

ಇಷ್ಟೆಲ್ಲ ಹೇಳಿದ್ದು ಕಾರಿನ ಒಳಭಾಗದ ಸದ್ದುಗಳಿಗೆ ಮಾತ್ರ. ಹಳ್ಳಕ್ಕೆ ಇಳಿದಾಗ ಕೆಳಗಿನಿಂದ ಬರುವ ಧಡ್ ಎಂಬ ಸದ್ದು, ಸ್ಟಿಯರಿಂಗ್ ತಿರುಗಿಸಿದಾಗಿನ ಕಟ್ ಕಟ್, ಬ್ರೇಕ್ ಒತ್ತಿದಾಗಿನ ಕೀರಲು, ಇವು ಚಕ್ರಗಳ ಬಳಿಯ ಕೀಲು, ಕೊಂಡಿಗಳಾದ ಬಾಲ್ ಜಾಯಿಂಟ್, ಸ್ಟೆಬಿಲೈಸರ್ ಲಿಂಕ್, ಬುಷ್‌ಗಳ ಇಲ್ಲವೇ ಬ್ರೇಕ್ ಪ್ಯಾಡ್ ಇತ್ಯಾದಿಗಳ ಸವೆತವನ್ನು ಸೂಚಿಸುತ್ತಿರಬಹುದು. ಅವುಗಳನ್ನು ಅಡಗಿಸುವ ಮಾತೇ ಇಲ್ಲ, ಆ ಭಾಗಗಳನ್ನು ಕೂಡಲೇ ಪರೀಕ್ಷೆ ಮಾಡಿಸಬೇಕು.

ನನ್ನ ಕಾರಿನಲ್ಲಿ ಈಗ ಉಳಿದಿರುವುದು ಒಂದೇ ಸದ್ದು. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತ ಕಾರನ್ನು ಹೊರಡಿಸಿದಾಗ ಡಿಕ್ಕಿಯ ಮೇಲಿನ ಹಲಗೆಯ ಬಲಮೂಲೆಯಿಂದ ಬರುವಂತೆ ತೋರುವ ತೆಳ್ಳನೆಯ ಕಿರಕಿರ. ಬರುವಂತೆ ತೋರುವ ಎಂದೇ ಬರೆಯುತ್ತಿದ್ದೇನೆ, ಏಕೆಂದರೆ ಹಲಗೆಯನ್ನು ತೆಗೆದು ಮನೆಯಲ್ಲಿಟ್ಟು ಓಡಿಸಿ ನೋಡುವುದು ಇನ್ನೂ ಆಗಿಲ್ಲ. ಪುಸ್ತಕದಲ್ಲಿ ಅದಕ್ಕೊಂದು ಪುಟ ತೆರೆದಿದ್ದೇನೆ. ಇದುವರೆಗೆ ನಾಲ್ಕು ಸಾಲು ಸೇರಿವೆ.