ಕಣ ಸಾಲದು ಅಂದ ಅಪ್ಪ

ಗೋಣಿಚೀಲದೊಳಗೆ ಕೈ ಹಾಕಿದೆ. ಬೆಚ್ಚಗಿತ್ತು. ಜನವರಿ ತಿಂಗಳ ಬೆಳಗ್ಗೆ ಏಳು ಗಂಟೆ, ಮಾತಾಡಿದರೆ ಬಾಯಿಂದ ಹಬೆ ಬರುವಷ್ಟು ಚಳಿ. ಚೀಲದೊಳಗಿನ ಕಾಫಿ ಹಣ್ಣು ಮಾತ್ರ ಜ್ವರ ಬಂದ ಮಗುವಿನ ಹಣೆಯ ಹಾಗೆ ಕಾಯ್ದಿತ್ತು. ಕೈ ಹೊರಗೆ ತೆಗೆದು ಮೂಸಿದರೆ ಹುಳಿ ವಾಸನೆ.

"ಇದು ಯಾವತ್ತಿನ ಕುಯ್ಲು?" ಅಂತ ಅಪ್ಪನನ್ನು ಕೇಳಿದೆ.

"ಮೊನ್ನೇದು. ಕಣದಲ್ಲಿ ಜಾಗ ಎಲ್ಲಿದೆ? ನೀನೇ ನೋಡು."

ಶೆಡ್ಡಿನಲ್ಲಿ ಅಂಥ ಮೂವತ್ತು ಮೂವತ್ತೈದು ಚೀಲ ಒಂದರ ಮೇಲೊಂದು ಕೂತಿದ್ದವು. ಕೊಡಗಿನ ಸಿದ್ದಾಪುರದ ಕಡೆ ನಮ್ಮದು ಹತ್ತು ಎಕರೆ ರೋಬಸ್ಟಾ ಕಾಫಿ ತೋಟ. ಹಸಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಇಲ್ಲ, ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರ್ರಿ ಮಾಡಿ ಮಾರುತ್ತೇವೆ. ಕುಯ್ದ ಹಣ್ಣನ್ನು ಅವತ್ತೇ ಹರಡಬೇಕು. ಚೀಲದಲ್ಲೇ ಬಿಟ್ಟರೆ ಒಳಗೊಳಗೇ ಹುಳಿಯುತ್ತದೆ, ಆ ವಾಸನೆ ಕೊನೆಗೆ ಕಪ್ಪಿನವರೆಗೂ ಬರುತ್ತದೆ. ಇದು ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಕಣ ದೊಡ್ಡದು ಮಾಡಿಸಲು ಸಾಲಕ್ಕೆ ಓಡಾಡುತ್ತಿದ್ದರು. ಸಿಮೆಂಟಿನವನು ಬಂದು ಅಳತೆಯನ್ನೂ ತೆಗೆದುಕೊಂಡು ಹೋಗಿದ್ದ.

ನಾನು ಬೆಂಗಳೂರಿನಲ್ಲಿ ಆಪರೇಷನ್ಸ್ ಕೆಲಸ ಮಾಡುವವಳು. ಗೋದಾಮಿಗೆ ಸರಕು ಎಷ್ಟು ಬರುತ್ತೆ, ಎಷ್ಟು ಹೊತ್ತು ನಿಲ್ಲುತ್ತೆ, ಯಾಕೆ ನಿಲ್ಲುತ್ತೆ, ದಿನಾ ಇದೇ ಲೆಕ್ಕ. ಒಂದು ವಾರ ರಜೆ ಹಾಕಿ ಕಾಫಿ ಕುಯ್ಲಿಗೆ ಅಂತ ಬಂದಿದ್ದೆ. ಆದರೂ ಕೈ ಸುಮ್ನೆ ಇರಲ್ವಲ್ಲ. ಅವ್ವನ ತೂಕದ ಪುಸ್ತಕ ತೆಗೆದುಕೊಂಡು ಜಗಲಿಯಲ್ಲಿ ಕೂತೆ.

ಕುಯ್ಯುವವರಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಹಾಗಾಗಿ ಪ್ರತಿ ದಿನದ ತೂಕ ಅವ್ವನ ಪುಸ್ತಕದಲ್ಲಿ ತಪ್ಪದೆ ಇತ್ತು. ಸುಮಾರು 1,200 ಕಿಲೋ ಹಣ್ಣು ದಿನಾ ಬರುತ್ತಿತ್ತು. ಯಾವ ದಿನ ಎಷ್ಟು ಚೀಲ ಒಣಕಾಫಿ ತುಂಬಿಸಿದ್ದು ಅನ್ನುವುದು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಲ್ಲಿತ್ತು. ಎರಡನ್ನೂ ಜೋಡಿಸಿದೆ. ಡಿಸೆಂಬರ್ 28ರ ಹಣ್ಣು ಚೀಲ ಸೇರಿದ್ದು ಜನವರಿ 17ಕ್ಕೆ. ಇಪ್ಪತ್ತು ದಿನ! ಬಿಸಿಲು ಚೆನ್ನಾಗಿದ್ದರೆ ಚೆರ್ರಿ ಒಣಗಲು 12ರಿಂದ 15 ದಿನ ಸಾಕು. ಆ ವರ್ಷ ಬಿಸಿಲಿಗೇನೂ ಕೊರತೆ ಇರಲಿಲ್ಲ.

ನಮ್ಮ ಕೆಲಸದಲ್ಲಿ ಒಂದು ಸೂತ್ರ ಇದೆ, ಲಿಟ್ಲ್ಸ್ ಲಾ ಅಂತ. ಜಾನ್ ಲಿಟ್ಲ್ ಅನ್ನುವವರು 1961ರಲ್ಲಿ ಸಾಬೀತು ಮಾಡಿದ್ದು. ದಿನಕ್ಕೆ ಎಷ್ಟು ಒಳಗೆ ಬರುತ್ತೋ ಅದನ್ನು ಒಳಗೆ ಇರುವ ದಿನಗಳಿಂದ ಗುಣಿಸಿದರೆ ಒಟ್ಟು ಒಳಗಿರುವ ಸರಕು ಬರುತ್ತೆ, ಅಷ್ಟೇ. ಇದಕ್ಕೂ ಒಂದು ಹೆಸರು ಬೇಕಿತ್ತಾ ಅನ್ನಿಸುತ್ತೆ, ಅಲ್ವಾ? ನಮ್ಮ ಕಣದಲ್ಲಿ ಹದಿನಾರು ದಿನದ ಕುಯ್ಲು ಹಿಡಿಯುತ್ತೆ. ಕಾಫಿ ಇಪ್ಪತ್ತು ದಿನ ಮಲಗಿದರೆ ನಾಲ್ಕು ದಿನದ ಹಣ್ಣಿಗೆ ಜಾಗ ಇಲ್ಲ. ಹದಿನೈದಕ್ಕೆ ಎದ್ದರೆ ಜಾಗ ಮಿಕ್ಕುತ್ತೆ.

ಹಾಗಾದರೆ ಆ ಐದು ದಿನ ಅದು ಕಣದಲ್ಲಿ ಮಾಡುತ್ತಿದ್ದದ್ದಾದರೂ ಏನು?

ಮಧ್ಯಾಹ್ನ ಅಪ್ಪನ ಜೊತೆ ಕಣಕ್ಕೆ ಇಳಿದೆ. ಅಪ್ಪ ಬಗ್ಗಿ ಒಂದು ಮುಷ್ಟಿ ಚೆರ್ರಿ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಣಗಿದ್ದರೆ ಸಿಪ್ಪೆಯೊಳಗೆ ಬೀಜ ಗಿಲಿಗಿಲಿ ಅನ್ನುತ್ತೆ. ನನಗೆ ಚೆನ್ನಾಗೇ ಕೇಳಿಸಿತು.

"ಇನ್ನೂ ಎರಡು ದಿನ ಇರಲಿ," ಅಂದರು.

"ಶಬ್ದ ಬಂತಲ್ಲ ಅಪ್ಪ?"

"ಬಂತು. ಆದ್ರೂ ಇರಲಿ."

ಹಿಂದಿನ ವರ್ಷ ಒಬ್ಬ ವ್ಯಾಪಾರಿ ಮಾಯಿಶ್ಚರ್, ಅಂದರೆ ತೇವಾಂಶ, ಜಾಸ್ತಿ ಅಂತ ರೇಟು ಕಡಿದಿದ್ದನಂತೆ. ಅಂದಿನಿಂದ ಅಪ್ಪನಿಗೆ ತಮ್ಮ ಕಿವಿಯ ಮೇಲೆ ನಂಬಿಕೆ ಇಲ್ಲ. ಪಕ್ಕದ ತೋಟದಿಂದ ಮಾಯಿಶ್ಚರ್ ಮೀಟರ್ ಕಡ ತಂದೆ. ಬಿಸಿಲಿಂದ ಎತ್ತಿದ ಕಾಫಿ ಹಾಗೇ ಹಾಕಬೇಡಿ, ಆರಲಿ ಅಂತ ಕೊಟ್ಟವರೇ ಹೇಳಿದ್ದರು. ಆರಿಸಿ ಹಾಕಿದೆ. 8 ಪರ್ಸೆಂಟ್. ಕಾಫಿ ಬೋರ್ಡ್ ರೋಬಸ್ಟಾ ಚೆರ್ರಿಗೆ ಹೇಳುವುದು 11. ಅಂದರೆ ಅದು ಒಣಗಿ ಎಷ್ಟೋ ದಿನ ಆಗಿತ್ತು. 11ರಲ್ಲಿ ಸಾವಿರ ಕಿಲೋ ತೂಗುವ ಕಾಫಿ 8ಕ್ಕೆ ಇಳಿದರೆ 967 ಕಿಲೋ. ಟನ್ನಿಗೆ 33 ಕಿಲೋ ಸುಮ್ನೆ ಗಾಳಿಗೆ ಹೋಯಿತು. ಅಪ್ಪ ಕ್ಯಾಲ್ಕುಲೇಟರ್ ಕಸಿದುಕೊಂಡು ತಾವೇ ಎರಡು ಸಲ ಒತ್ತಿ ನೋಡಿದರು. ಮಾತಾಡಲಿಲ್ಲ.

ನನಗೆ ಆಗ ಸ್ವಲ್ಪ ಜಂಬ ಬಂದದ್ದು ನಿಜ. ಅದು ಇಳಿಯಲು ಒಂದು ರಾತ್ರಿ ಸಾಕಾಯಿತು.

ಯಾವ ದಿನದ ಹಣ್ಣು ಎಲ್ಲಿದೆ ಅಂತ ಗೊತ್ತಾಗಲಿ ಅಂತ ಸಂಜೆ ಕಣದ ತುಂಬ ತಾರೀಕು ಬರೆದ ಕಡ್ಡಿಗಳನ್ನು ನಿಲ್ಲಿಸಿದ್ದೆ. ಬೆಳಗ್ಗೆ ನೋಡಿದರೆ ಅಷ್ಟೂ ಕಡ್ಡಿ ಮೂಲೆಯಲ್ಲಿ ಕಟ್ಟಾಗಿ ಬಿದ್ದಿವೆ. ಕಣ ನೋಡಿಕೊಳ್ಳುವ ಅಜ್ಜಿ ಕಿತ್ತು ಹಾಕಿದ್ದರು. "ಕಾಫಿ ತಿರುವೋಕೆ ಗಂಟೆಗೊಂದು ಸಲ ಹಲಗೆ ಎಳೀಬೇಕಮ್ಮಾ. ನಿಮ್ಮ ಕಡ್ಡಿ ಸುತ್ತ ಸುತ್ತ ಎಳೀತಾ ಕೂರ್ಲಾ?" ಸರಿಯೇ. ಅವರೇ ದಾರಿಯನ್ನೂ ಹೇಳಿದರು. ಕಣದ ಅಂಚಿನ ಮೋಟುಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಕು, ಎರಡು ದಿನದ ಪಾಲಿನ ನಡುವೆ ಒಂದು ಅಡಿ ಖಾಲಿ ಜಾಗ. ಆವರೆಗೆ ಹೊಸ ಹಣ್ಣು ಹಳೆಯದರ ಅಂಚಿಗೆ ಬೆರೆತು ಹೋಗುತ್ತಿತ್ತು. ನಾಲ್ಕು ಹಸಿ ಹಣ್ಣು ಬೆರೆತವು ಅಂತ ಇಡೀ ಪಾಲು ಕಾಯುತ್ತಿತ್ತು.

ಮೀಟರಿನ ವಿಷಯದಲ್ಲೂ ಅಜ್ಜಿಯದೇ ಮೇಲುಗೈ. ಒಂದು ಪಾಲಿಗೆ ಮೀಟರ್ 11 ತೋರಿಸಿತು, ಚೀಲ ತುಂಬಿ ಅಂದೆ. ಅಜ್ಜಿ ಅಡಿಯಿಂದ ಒಂದು ಬೀಜ ತೆಗೆದು, ಸಿಪ್ಪೆ ಸುಲಿದು ಹಲ್ಲಲ್ಲಿ ಕಚ್ಚಿ, "ಮೆತ್ತಗಿದೆ" ಅಂತ ಉಗುಳಿದರು. ನಾನು ಮೇಲ್ಗಡೆಯಿಂದ ಮಾತ್ರ ಎತ್ತಿದ್ದೆ. ಅಡಿಯದನ್ನು ಹಾಕಿದಾಗ 14. ಆಮೇಲೆ ಐದು ಕಡೆಯಿಂದ, ಮೇಲಿನದೂ ಅಡಿಯದೂ ಬೆರೆಸಿ ತೆಗೆಯುವುದು ಅಂತಾಯಿತು.

ಉಳಿದದ್ದು ಚೀಲ ತುಂಬುವ ಕೆಲಸ. ಅದಕ್ಕೆ ವಾರಕ್ಕೊಂದೇ ದಿನ, ಕುಯ್ಲಿಗೆ ರಜೆ ಇದ್ದಾಗ. ಸೋಮವಾರ ಒಣಗಿದ ಕಾಫಿ ಭಾನುವಾರದವರೆಗೆ ಕಣದಲ್ಲೇ ಬಿಸಿಲು ಕಾಯಿಸುತ್ತಿತ್ತು. ದಿನಾ ಮೂರೂವರೆಗೆ ಇಬ್ಬರನ್ನು ತೋಟದಿಂದ ಕರೆಸೋಣ ಅಂದೆ. ಅಪ್ಪ ಒಪ್ಪಲಿಲ್ಲ. ಕುಯ್ಯುವವರೂ ಒಪ್ಪಲಿಲ್ಲ, ಆ ಹೊತ್ತಿನ ಕಿಲೋ ಕೈತಪ್ಪುತ್ತಲ್ಲ. ಮೇಸ್ತ್ರಿ ನಡುವೆ ಬಂದು ಮಾತಾಡಿಸಿ, ಚೀಲಕ್ಕೆ ಇಷ್ಟು ಅಂತ ಬೇರೆ ಕೂಲಿ ಗೊತ್ತು ಮಾಡಿದ. ಮರುದಿನ ಇಬ್ಬರು ಬೇಕು ಅಂದರೆ ನಾಲ್ವರು ಬಂದರು!

ನಾನು ಹೊರಡುವ ದಿನ ಶೆಡ್ಡಿನಲ್ಲಿ ಹಸಿ ಹಣ್ಣಿನ ಚೀಲ ಒಂದೂ ಇರಲಿಲ್ಲ. ಹಣ್ಣಿನ ಜೊತೆ ಹಸಿರು ಕಾಯಿಯೂ ಬರುವ ಸಮಸ್ಯೆ ಮಾತ್ರ ಹಾಗೇ ಉಳಿಯಿತು. ಕಿಲೋ ಲೆಕ್ಕದ ಕೂಲಿ ಇರುವವರೆಗೆ ಕೈಗೆ ಸಿಕ್ಕ ಗೊಂಚಲು ಪೂರ್ತಿ ಬುಟ್ಟಿಗೇ ಬೀಳುತ್ತೆ, ಅವರನ್ನು ಬೈದು ಏನು ಪ್ರಯೋಜನ? ಅದಕ್ಕೆ ನನ್ನ ಹತ್ತಿರ ಸೂತ್ರ ಇರಲಿಲ್ಲ. ಸಿಮೆಂಟಿನವನಿಗೆ ಅಪ್ಪ ಬೇಡ ಅನ್ನಲಿಲ್ಲ, "ಮುಂದಿನ ವರ್ಷ ನೋಡೋಣ" ಅಂದರು.

ಮೀಟರ್ ಒಂದು ಸ್ವಂತಕ್ಕೇ ಕೊಂಡು ಕಳಿಸಿದ್ದೆ. ಫೆಬ್ರುವರಿಯಲ್ಲಿ ಅಪ್ಪ ಫೋನ್ ಮಾಡಿದರು.

"ನಿನ್ನ ಮೀಟರಿನ ಬ್ಯಾಟರಿ ಮುಗಿದಿದೆ."

"ಹೊಸದು ಹಾಕಿಸಿ ಅಪ್ಪ. ಅಲ್ಲಿವರೆಗೆ ಏನು ಮಾಡ್ತೀರಿ?"

"ಏನು ಮಾಡೋದು, ಕಿವಿಗೆ ಹಿಡಿದು ನೋಡಿದೆ. ಸಂಜೆ ಚೀಲ ತುಂಬಿಸ್ತೀನಿ."

"ಎಷ್ಟು ದಿನ ಆಯ್ತು ಅದಕ್ಕೆ?"

ಫೋನಿನಲ್ಲಿ ಅಪ್ಪ ನಡೆದು ಹೋಗುವ ಚಪ್ಪಲಿ ಸದ್ದು ಕೇಳಿಸಿತು. ಗೋಡೆಯವರೆಗೆ ಹೋಗಿರಬೇಕು.

"ಹದಿನಾಲ್ಕು," ಅಂದರು.